ನೆತ್ತರುಗೊಡಗೆ ಮತ್ತು ಉಸಿರಿನ ಸಾಕ್ಷ್ಯ

ಕಾಳಗದಲ್ಲಿ ಮಡಿದವನ ಮನೆತನಕ್ಕೆ ಭೂಮಿ ಬಿಡುವ ಪದ್ಧತಿಯನ್ನು ನಮ್ಮ ಶಾಸನಗಳು ‘ನೆತ್ತರುಗೊಡಗೆ’ ಎಂದಿವೆ. ತುಂಬೆಪಾಡಿಯಲ್ಲಿ ಮಡಿದ ನಾಗತ್ತರನ ತರುವಾಯ ಇರುಗನಿಗೆ ಬೇಗೂರು ಹನ್ನೆರಡು ಕಲ್ನಾಡಾಗಿ ಸಂದುದನ್ನು ಸುಮಾರು ಕ್ರಿ.ಶ. 900ರ ಬೇಗೂರು ವೀರಗಲ್ಲು ಹೇಳುತ್ತದೆ. ನೆತ್ತರಿಗೆ ಕಲ್ಲು ಸಾಕ್ಷಿಯಾಯಿತು. ಸವೆದ ಉಸಿರಿಗೆ ಸಾಕ್ಷಿ ಯಾವುದು?

ಕೆಂಗೇರಿ ಉಪನಗರದ ನಿವೃತ್ತ ಸೈನಿಕರೊಬ್ಬರು ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳುತ್ತ ಕೇಳಿದ್ದೂ ಇದನ್ನೇ: “ಗುಂಡು ತಗುಲಿದ್ದರೆ ಗಾಯ ತೋರಿಸುತ್ತಿದ್ದೆ. ಉಬ್ಬಸವನ್ನು ಹೇಗೆ ತೋರಿಸಲಿ ಮೇಷ್ಟ್ರೇ?”

ಅಂಗವೈಕಲ್ಯ ಪಿಂಚಣಿಗೆ ವೈಕಲ್ಯವು ಶೇಕಡಾ 20ಕ್ಕೆ ಕಡಿಮೆಯಿರಬಾರದು. ಕಾಯಿಲೆ ಸೇವೆಯಿಂದ ಉಂಟಾಗಿರಬೇಕು ಇಲ್ಲವೇ ಉಲ್ಬಣಿಸಿರಬೇಕು. ಶ್ವಾಸಕೋಶದ ದೀರ್ಘ ವ್ಯಾಧಿಯಲ್ಲಿ ಅರ್ಜಿ ಮುಗ್ಗರಿಸುವುದು ಈ ಎರಡನೆಯ ಮೆಟ್ಟಿಲಲ್ಲಿ. 1982ರ ನಿಯಮಗಳನ್ನು ವಿವರಿಸುತ್ತ ಸರ್ವೋಚ್ಚ ನ್ಯಾಯಾಲಯವು 2013ರ ಧರಮವೀರ್ ಸಿಂಗ್ ಪ್ರಕರಣದಲ್ಲಿ, ಸೇರ್ಪಡೆಯ ವೇಳೆ ದಾಖಲಾಗದ ಕಾಯಿಲೆಯಿಂದ ಸೈನಿಕನು ಬಿಡುಗಡೆಯಾದರೆ ಅದು ಸೇವೆಯ ಫಲವೆಂದೇ ಭಾವಿಸತಕ್ಕದ್ದು, ಅಲ್ಲವೆಂದು ಸಾಧಿಸುವ ಹೊಣೆ ಸೈನಿಕನದಲ್ಲ ಎಂದಿತು. ವೈದ್ಯಮಂಡಳಿಯು ಕಾರಣ ಬರೆಯದೆ ನಿರಾಕರಿಸುವಂತಿಲ್ಲ. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಮಾತ್ರ ಹೊಸ ನಿಯಮಗಳಿವೆ.

ಇಲಾಖೆಯ ಮೇಲ್ಮನವಿ ಫಲಿಸದಿದ್ದರೆ 2007ರ ಕಾಯಿದೆಯನ್ವಯ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯುಂಟು. ಅಲ್ಲಿ, ಸೇರಿದ ದಿನ ‘ಆರೋಗ್ಯವಂತ’ನೆಂದು ಬರೆದ ಹಳೆಯ ಹಾಳೆಯೇ ಬದುಕಿರುವ ಯೋಧನ ವೀರಗಲ್ಲು.