ಮತ್ತೆ ಕೈಗೆ ಬಂದ ಕಸುಬು

ಆ ದೋಣಿಯ ಆಯುಸ್ಸು ಒಂದು ಪ್ರಯಾಣದಷ್ಟೇ. ಕೆನಡಾದ ಮೆಕೆಂಜಿ ಪರ್ವತಗಳ ಶೂತಾಗೋತಿನೆ ಎಂಬ ಡೆನೆ ಜನ ಚಳಿಗಾಲವಿಡೀ ಬೆಟ್ಟದಲ್ಲಿ ಬೇಟೆಯಾಡುತ್ತಿದ್ದರು. ಹಿಮ ಕರಗಿ ನದಿ ಏರುವ ಹೊತ್ತಿಗೆ ಮೂಸ್ ಎಂಬ ದೈತ್ಯ ಜಿಂಕೆಯ ತೊಗಲುಗಳನ್ನು ಹೆಂಗಸರು ಒಂದಕ್ಕೊಂದು ಹೊಲಿದರೆ, ಗಂಡಸರು ಸ್ಪ್ರೂಸ್ ಮರದ ಹಂದರ ಕಟ್ಟುತ್ತಿದ್ದರು. ನೀರು ಒಳಗೆ ಬಾರದಂತೆ ಹೊಲಿಗೆಯ ಸಂದಿಗಳಿಗೆ ಮರದ ಅಂಟು ಮತ್ತು ಕೊಬ್ಬು ಮೆತ್ತುತ್ತಿದ್ದರು. ಮಕ್ಕಳು, ಮುದುಕರು, ನಾಯಿಗಳು, ಒಣಮಾಂಸದ ಮೂಟೆಗಳು ಎಲ್ಲವನ್ನೂ ಹೊತ್ತು ದೋಣಿ ಬಯಲಿನ ವ್ಯಾಪಾರದ ಠಾಣೆಗೆ ಇಳಿಯುತ್ತಿತ್ತು. ಅಲ್ಲಿ ಅದನ್ನು ಬಿಚ್ಚಿ ತೊಗಲನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದರು.

ಬಿಚ್ಚುವುದಕ್ಕೆಂದೇ ಕಟ್ಟಿದ್ದನ್ನು ಕಾಪಾಡುವುದು ಹೇಗೆ? 1981ರಲ್ಲಿ, ಕಸುಬು ಬಲ್ಲ ಹಿರಿಯರು ಇನ್ನೂ ಇದ್ದಾಗ, ಕೀಲ್ ನದಿಯ ದಡದಲ್ಲಿ ಅಂಥದ್ದೊಂದು ದೋಣಿಯನ್ನು ಹೊಸದಾಗಿಯೇ ಕಟ್ಟಿದರು. ಡೆನೆ ಸಮುದಾಯದವರೇ ಆದ ರೇಮಂಡ್ ಯಾಕೆಲೆಯಾ ಆ ಕೆಲಸವನ್ನು ಚಿತ್ರೀಕರಿಸಿದರು. ನದಿ ಇಳಿದ ಆ ದೋಣಿ ಇಂದು ಯೆಲ್ಲೋನೈಫ್ ನಗರದ ಪ್ರಿನ್ಸ್ ಆಫ್ ವೇಲ್ಸ್ ನಾರ್ದರ್ನ್ ಹೆರಿಟೇಜ್ ಸೆಂಟರ್‌ನಲ್ಲಿದೆ.

ಉತ್ತರದ ನೆನಪಿನ ಮನೆ

ಫ್ರೇಮ್ ಸರೋವರದ ದಡದ ಈ ಕಟ್ಟಡದಲ್ಲಿ ವಸ್ತುಸಂಗ್ರಹಾಲಯವೂ ಪತ್ರಾಗಾರವೂ ಒಂದೇ ಸೂರಿನಡಿ ಇವೆ. 1979ರಲ್ಲಿ ಅಂದಿನ ಯುವರಾಜ ಚಾರ್ಲ್ಸ್ ಇದನ್ನು ಉದ್ಘಾಟಿಸಿದರು. ಇದು ಸೇರಿರುವ ನಾರ್ತ್‌ವೆಸ್ಟ್ ಟೆರಿಟರೀಸ್ ಪ್ರಾಂತ್ಯ ನಮ್ಮ ಕರ್ನಾಟಕದ ಸುಮಾರು ಏಳು ಪಟ್ಟು ದೊಡ್ಡದು. 2021ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಮಾತ್ರ 41 ಸಾವಿರ. ಅಷ್ಟು ಮಂದಿಗೆ 11 ಅಧಿಕೃತ ಭಾಷೆಗಳು. ಅವುಗಳಲ್ಲಿ ಒಂಬತ್ತು ಮೂಲನಿವಾಸಿಗಳವು.

ಉತ್ತರದ ವಸ್ತುಗಳು ಬಹುಕಾಲ ದಕ್ಷಿಣಕ್ಕೇ ಹೋಗುತ್ತಿದ್ದವು. ವ್ಯಾಪಾರಿಗಳು, ಸಂಶೋಧಕರು ಕೊಂಡೊಯ್ದ ಅಂಗಿ, ಚೀಲ, ಬಿಲ್ಲುಗಳು ದೂರದ ನಗರಗಳ ಕಪಾಟು ಸೇರಿದವು. 1890ರ ದಶಕದಲ್ಲಿ ಅಮೆರಿಕದ ಅಯೋವಾದಿಂದ ಬಂದ ಫ್ರಾಂಕ್ ರಸೆಲ್, ಟ್ಲಿಚೋ ಜನರ ಕ್ಯಾರಿಬೂ ತೊಗಲಿನ ಡೇರೆಯೊಂದನ್ನು ಕೊಂಡುಹೋದರು. ಹಿಮನಾಡಿನ ಜಿಂಕೆಯಾದ ಕ್ಯಾರಿಬೂ ಆ ಜನರಿಗೆ ಅನ್ನ, ಬಟ್ಟೆ, ಮನೆ ಎಲ್ಲವೂ ಹೌದು. ನೂರು ವರ್ಷ ಅಯೋವಾದ ವಿಶ್ವವಿದ್ಯಾಲಯದಲ್ಲಿದ್ದ ಡೇರೆ 1990ರ ದಶಕದ ಕೊನೆಯಲ್ಲಿ ಉತ್ತರಕ್ಕೆ ಮರಳಿತು. ಬಳಿಕ ಟ್ಲಿಚೋ ಹಿರಿಯರು ಅದನ್ನು ನೋಡಿಕೊಂಡು ಅದೇ ಬಗೆಯ ಹೊಸ ಡೇರೆ ಹೊಲಿದರು. ನನ್ನ ಮಟ್ಟಿಗೆ ಡೇರೆ ಊರು ಸೇರಿದ್ದು ಅಂದೇ.

ಹಿಮ ಬಿಟ್ಟುಕೊಟ್ಟದ್ದು

ಯೆಲ್ಲೋನೈಫ್‌ನ ಇದೇ ಹೆರಿಟೇಜ್ ಸೆಂಟರ್‌ನ ಪುರಾತತ್ವಜ್ಞರಾಗಿದ್ದ ಟಾಮ್ ಆಂಡ್ರೂಸ್ ಮತ್ತು ಅವರ ಜೊತೆಗಾರರು ಶೂತಾಗೋತಿನೆ ಜನರೊಂದಿಗೆ ಮೆಕೆಂಜಿ ಪರ್ವತಗಳ ಹಿಮದ ಹಾಸುಗಳನ್ನು ಹುಡುಕಿಕೊಂಡು ಹೊರಟರು. ಬೇಸಿಗೆಯಲ್ಲಿ ನೊಣ ಸೊಳ್ಳೆಗಳ ಕಾಟ ತಾಳಲಾರದೆ ಕ್ಯಾರಿಬೂ ಹಿಂಡು ಈ ಹಾಸುಗಳನ್ನು ಏರುತ್ತದೆ. ಹಿಂದೆ ಅವುಗಳ ಬೆನ್ನಿಗೆ ಬೇಟೆಗಾರರೂ ಏರುತ್ತಿದ್ದರು. ಗುರಿ ತಪ್ಪಿದ ಬಾಣ ಹಿಮದಲ್ಲಿ ಹೂತು ಹೋದರೆ ಅಲ್ಲೇ ಉಳಿಯುತ್ತಿತ್ತು. ಈಗ ಭೂಮಿ ಬಿಸಿಯೇರಿ ಆ ಹಿಮ ಕರಗುತ್ತಿದೆ. 2,400 ವರ್ಷ ಹಿಂದಿನ ಎಸೆಯುವ ಈಟಿಯ ಭಾಗಗಳು, ಸಾವಿರ ವರ್ಷ ಹಳೆಯದಾದ, ಅಳಿಲು ಹಿಡಿಯುವ ಉರುಳು, 850 ವರ್ಷದ ಬಿಲ್ಲು ಬಾಣಗಳು ಹೀಗೆ ಸಿಕ್ಕವು. ಕರಗುವ ಹಿಮ ಕೊಡುವ ಈ ಕೊಡುಗೆಗೆ ಗಡುವೂ ಉಂಟು. ಹೊರಬಿದ್ದ ಮರ, ಗರಿ, ನರದ ದಾರ ಬಿಸಿಲು ಮಳೆಗೆ ಬೇಗ ಕೊಳೆಯುತ್ತವೆ; ಅಷ್ಟರೊಳಗೆ ಯಾರಾದರೂ ಅಲ್ಲಿರಬೇಕು.

ಹೆಸರಿಗೂ ಇಂಥದ್ದೇ ಗಡುವು. ಹಳೆಯ ಫೋಟೊಗಳಲ್ಲಿ ತೆಗೆದವರ ಹೆಸರಿರುತ್ತದೆ, ಚಿತ್ರದಲ್ಲಿರುವ ಅಜ್ಜಿಯ ಹೆಸರು ಎಷ್ಟೋ ಸಲ ಇರುವುದಿಲ್ಲ. ಗುರುತು ಹಿಡಿಯಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ಪತ್ರಾಗಾರದ ತುರ್ತು ಕೆಲಸ. ನದಿ ಬೆಟ್ಟಗಳಿಗೂ ಹಾಗೆಯೇ ಹೆಸರು ಮರಳುತ್ತಿದೆ. ಪರದೇಶದ ಪಯಣಿಗನೊಬ್ಬನ ಹೆಸರು ಹೊತ್ತ ಮೆಕೆಂಜಿ ನದಿಗೆ ಡೇಚೋ, ನಾಗ್ವಿಚೂನ್‌ಜಿಕ್, ಕೂಕ್ಪಾಕ್ ಮುಂತಾಗಿ ದಡದ ಜನ ಕರೆಯುತ್ತ ಬಂದ ಹೆಸರುಗಳಿಗೂ 2015ರಲ್ಲಿ ಅಧಿಕೃತ ಮನ್ನಣೆ ಸಿಕ್ಕಿತು.

ಐದು ಉಡುಪುಗಳು

ಇವೆಲ್ಲವುಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಒಂದು ಉಡುಪಿನ ಕಥೆ. ಗ್ವಿಚಿನ್ ಜನರ ಪೂರ್ವಿಕರು ತೊಡುತ್ತಿದ್ದ ಬಿಳಿ ಕ್ಯಾರಿಬೂ ತೊಗಲಿನ ಬೇಸಿಗೆಯ ಉಡುಪೊಂದು ದಕ್ಷಿಣದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿತ್ತು. ಮುಳ್ಳುಹಂದಿಯ ಮುಳ್ಳಿನ ಕಸೂತಿ, ಅಂಚಿಗೆ ಜಾಲರು, ಅದರಲ್ಲಿ ಪೋಣಿಸಿದ ಕಾಡುಗಿಡದ ಬೀಜಗಳು. ಅದನ್ನು ಹೊಲಿಯುವ ಬಗೆ ಊರಲ್ಲಿ ಮರೆತುಹೋಗಿತ್ತು. 2000ರಲ್ಲಿ ಗ್ವಿಚಿನ್ ಸಂಸ್ಥೆ ಆ ವಸ್ತುಸಂಗ್ರಹಾಲಯ ಮತ್ತು ಯೆಲ್ಲೋನೈಫ್‌ನ ಹೆರಿಟೇಜ್ ಸೆಂಟರ್ ಎರಡರ ಜೊತೆಗೂ ಸೇರಿ ಕಲಿಕೆಗೆ ಕೈಹಾಕಿತು. ಹೊಲಿಗೆ ಬಲ್ಲ 40ಕ್ಕೂ ಹೆಚ್ಚು ಹೆಂಗಸರು ಹಳೆಯ ಉಡುಪಿನ ಒಂದೊಂದು ಹೊಲಿಗೆಯನ್ನೂ ಓದಿಕೊಂಡರು. ತೊಗಲು ಹದ ಮಾಡುವುದು, ಮುಳ್ಳು ನೆನೆಸಿ ಮಡಿಸುವುದು, ನರದ ದಾರ ಎಳೆಯುವುದು ಬೆರಳಿಂದ ಬೆರಳಿಗೆ ದಾಟಿತು. 2003ರ ಹೊತ್ತಿಗೆ ಐದು ಹೊಸ ಉಡುಪುಗಳು ಸಿದ್ಧವಾದವು.

ಅವುಗಳಲ್ಲಿ ನಾಲ್ಕು ಅಕ್ಲಾವಿಕ್, ಫೋರ್ಟ್ ಮ್ಯಾಕ್‌ಫರ್ಸನ್, ಇನುವಿಕ್, ಸೀಗೆಚಿಕ್ ಎಂಬ ಗ್ವಿಚಿನ್ ಊರುಗಳಿಗೆ ಹೋದವು. ಯೆಲ್ಲೋನೈಫ್‌ಗೆ ಬಂದದ್ದು ಒಂದೇ. ನಾಲ್ಕು ಊರಿಗೆ, ಒಂದು ಸಂಗ್ರಹಕ್ಕೆ: ಪರಂಪರೆಯನ್ನು ಹೀಗೆ ಹಂಚಿದಾಗಲೇ ಅದು ಉಳಿದೀತು.