ನಾಣ್ಯದ ಮುಂದೆ ಸಾಸಿವೆ ಕಾಳು

1862ರ ಆಗಸ್ಟ್ 8. ಮುಂಬಯಿ ಬಂದರಿನಲ್ಲಿ ಹಡಗಿನಿಂದ ಇಳಿದ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್‌ಗೆ ಇನ್ನೂ ಐವತ್ತು ತುಂಬಿರಲಿಲ್ಲ, ಮೈ ಮಾತ್ರ ಸೋತುಹೋಗಿತ್ತು. ಪುಣೆ ಹತ್ತಿರದ ಬೆಟ್ಟವೊಂದರ ಮೇಲೆ ದೂರದರ್ಶಕ ನಿಲ್ಲಿಸಿ ಮೂರು ವರ್ಷ ಆಕಾಶ ನೋಡುತ್ತೇನೆಂದು ಹಟ ಹಿಡಿದು ಬಂದಿದ್ದ. ಬ್ರಿಟಿಷ್ ಪಾರ್ಲಿಮೆಂಟು ಅದಕ್ಕೆಂದೇ 1,000 ಪೌಂಡು ಮಂಜೂರು ಮಾಡಿತ್ತು. ಘಟ್ಟ ಹತ್ತಿ ಪುಣೆ ಮುಟ್ಟಿದ. ಆಗಸ್ಟ್ 16ರಂದು ಅಲ್ಲೇ ತೀರಿಕೊಂಡ.

ಆಕಾಶದ ಹುಚ್ಚು ಅವನಿಗೆ ಹೊಸದಲ್ಲ. 1842ರಲ್ಲಿಯೇ ಪುಣೆಯಲ್ಲಿ ಸ್ವಂತದ್ದೊಂದು ಚಿಕ್ಕ ವೀಕ್ಷಣಾಲಯ ಕಟ್ಟಿಕೊಂಡಿದ್ದ. ಮುಂದೆ ಮದರಾಸು ವೀಕ್ಷಣಾಲಯದ ಮುಖ್ಯಸ್ಥನಾದಾಗ ಅವನ ಕಣ್ಣು ನೆಟ್ಟದ್ದು 70 ಒಫಿಯೂಕಿ ಎಂಬ ಜೋಡಿ ನಕ್ಷತ್ರದ ಮೇಲೆ. ಒಂದರ ಸುತ್ತ ಇನ್ನೊಂದು ತಿರುಗುವ ಆ ಎರಡೂ, ಲೆಕ್ಕ ಹಾಕಿಟ್ಟ ದಾರಿ ಬಿಟ್ಟು ಅಷ್ಟಿಷ್ಟು ಆಚೀಚೆ ಸರಿಯುತ್ತಿದ್ದವು. ಕಣ್ಣಿಗೆ ಕಾಣದ ಗ್ರಹವೊಂದು ಎಳೆಯುತ್ತಿರಬೇಕು ಎಂದು 1855ರಲ್ಲಿ ಜೇಕಬ್ ಬರೆದ. ಬೇರೆ ಸೂರ್ಯನಿಗೂ ಗ್ರಹವಿದೆಯೆಂದು ಅಳತೆ ಮುಂದಿಟ್ಟು ಹೇಳಿದ ಮೊದಲ ಮಾತುಗಳಲ್ಲಿ ಅದೂ ಒಂದು. ಅದು ಹೊರಟದ್ದು ಮದರಾಸಿನಿಂದ.

ಮಾತು ನಿಲ್ಲಲಿಲ್ಲ. 1896ರಲ್ಲಿ ಅಮೆರಿಕದ ಥಾಮಸ್ ಸೀ ಅದೇ ನಕ್ಷತ್ರಕ್ಕೆ 36 ವರ್ಷಕ್ಕೊಮ್ಮೆ ಸುತ್ತುವ ಕತ್ತಲ ಸಂಗಾತಿ ಇದೆಯೆಂದು ಎದೆ ತಟ್ಟಿ ಹೇಳಿದ. 1899ರಲ್ಲಿ ಫಾರೆಸ್ಟ್ ಮೌಲ್ಟನ್ ಎಂಬ ತರುಣ, ಅಂಥ ಗ್ರಹ ಅಲ್ಲಿ ಬಹುಕಾಲ ಬದುಕಿ ಉಳಿಯಲಾರದೆಂದು ಗಣಿತದಿಂದಲೇ ತೋರಿಸಿಕೊಟ್ಟ. ಸೀ ಕೆರಳಿ ಪತ್ರಿಕೆಗೆ ಬರೆದ ಕಾಗದ ಎಷ್ಟು ಖಾರವಾಗಿತ್ತೆಂದರೆ ಸಂಪಾದಕರೇ ಅವನಿಗೆ ಬಾಗಿಲು ಹಾಕಿದರು. ಜೇಕಬ್ ಅಷ್ಟು ಜೋರು ಮಾಡಿದವನಲ್ಲ. ಸೋತದ್ದು ಮಾತ್ರ ಇಬ್ಬರೂ.

ಅದೇ 1899ರಲ್ಲಿ ಮದರಾಸಿನ ಖಗೋಳ ಕೆಲಸ ಕೊಡೈಕನಾಲ್ ಬೆಟ್ಟ ಹತ್ತಿತು. 1971ರಲ್ಲಿ ಆ ವೀಕ್ಷಣಾಲಯ ಭಾರತೀಯ ಖಭೌತ ಸಂಸ್ಥೆಯಾಯಿತು, ಮುಂದೆ ಬೆಂಗಳೂರಿನಲ್ಲಿ ನೆಲೆ ನಿಂತಿತು. 2000ದಲ್ಲಿ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಹಿಮದ ಮರುಭೂಮಿಯಲ್ಲಿ, ಅದರ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಕಣ್ತೆರೆಯಿತು. ಉಸಿರಾಡಲೂ ಕಷ್ಟವಾಗುವ ಆ ಬೆಟ್ಟದ ಮೇಲೆ ರಾತ್ರಿಯೆಲ್ಲ ಕೂರುವವರು ಯಾರು? ಅದಕ್ಕೇ ಅದನ್ನು ಉಪಗ್ರಹದ ಮೂಲಕ ಹೊಸಕೋಟೆಯಿಂದ ನಡೆಸುತ್ತಾರೆ. ಬಿರಿಯಾನಿಗಾಗಿ ನಸುಕಿನಲ್ಲಿಯೇ ಜನ ಸಾಲು ನಿಲ್ಲುವ ಅದೇ ಹೊಸಕೋಟೆ.

ಇತ್ತ ಬೆಲ್ಜಿಯಂನ ಖಗೋಳವಿಜ್ಞಾನಿ ಮೈಕೆಲ್ ಗಿಲ್ಲನ್ ಅವರಿಗೆ ಬೇರೆಯದೇ ಹಟ. ಗ್ರಹ ಹುಡುಕಲು ಉಳಿದವರು ಸೂರ್ಯನಂಥ ನಕ್ಷತ್ರಗಳ ಬೆನ್ನು ಹತ್ತಿದ್ದರೆ, ಇವರು ಆರಿಹೋಗುತ್ತಿರುವ ಕೆಂಡದಂಥ ಸಣ್ಣ ನಕ್ಷತ್ರಗಳನ್ನೇ ಆರಿಸಿಕೊಂಡರು. ಹುಚ್ಚಿನಂತೆ ಕಂಡರೂ ಲೆಕ್ಕ ಗಟ್ಟಿಯಿತ್ತು. ಸೂರ್ಯ ಜೋಳದ ರೊಟ್ಟಿಯಾದರೆ ಭೂಮಿ ಅದರ ಮುಂದೆ ಒಂದು ಸಾಸಿವೆ ಕಾಳು. ಅದು ಅಡ್ಡ ಹಾದಾಗ ಬೆಳಕಿನ 12,000 ಪಾಲಿನಲ್ಲಿ ಒಂದು ಪಾಲು ಕುಂದುತ್ತದೆ, ಅಷ್ಟೆ. ಅದೇ ಸಾಸಿವೆ ಹತ್ತು ರೂಪಾಯಿ ನಾಣ್ಯದ ಮುಂದೆ ಹಾದರೆ? ನೂರಕ್ಕೆ ಹೆಚ್ಚುಕಡಿಮೆ ಒಂದು ಪಾಲು. ಚಿಲಿಯ ಬೆಟ್ಟದ ಮೇಲಿದ್ದ ಅವರ ದೂರದರ್ಶಕದ ಕನ್ನಡಿ ಬರೀ 60 ಸೆಂಟಿಮೀಟರ್. ಹೆಸರು ಟ್ರ್ಯಾಪಿಸ್ಟ್. ಅವರ ದೇಶದಲ್ಲಿ ಮಠದ ಸನ್ಯಾಸಿಗಳು ಮಾಡುವ ಬಿಯರಿಗೂ ಅದೇ ಹೆಸರು!

2015ರ ಸೆಪ್ಟೆಂಬರಿನಿಂದ ಅದು ಕುಂಭ ರಾಶಿಯ ಒಂದು ಮಂಕು ನಕ್ಷತ್ರವನ್ನು ನೋಡುತ್ತಿತ್ತು. ಬೆಳಕು ಕುಸಿಯಿತು. ಮತ್ತೆ ಕುಸಿಯಿತು. ಆದರೆ ಚಿಲಿಯಲ್ಲಿ ಬೆಳಗಾದರೆ ನಕ್ಷತ್ರ ಕಾಣೆ, ಹಗಲಲ್ಲಿ ಹಾದುಹೋದ ಗ್ರಹ ಯಾರ ಕಣ್ಣಿಗೂ ಇಲ್ಲ. ಹಿಂದೆ ಅಡಗಿದ ಬೇರಾವುದೋ ಜೋಡಿ ನಕ್ಷತ್ರದ ಆಟವೂ ಇರಬಹುದೆಂಬ ಅನುಮಾನ ಬೇರೆ. ಹಾಗಿದ್ದರೆ ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಕುಸಿತವೂ ಬೇರೆ ಬೇರೆಯಾಗಿರಬೇಕು. ಬೇರೆ ರಾತ್ರಿ, ಬೇರೆ ಕನ್ನಡಿ ಬೇಕಾಯಿತು. ಚಿಲಿಯದೇ ದೊಡ್ಡ ದೂರದರ್ಶಕ, ಹವಾಯಿಯದೊಂದು, ಹಾನ್ಲೆಯದೊಂದು.

ನವೆಂಬರ್, ದೀಪಾವಳಿಯ ತಿಂಗಳು.  ಅದೇ ತಿಂಗಳು ಹಾನ್ಲೆಯ ಕನ್ನಡಿ ಕುಂಭ ರಾಶಿಯತ್ತ ತಿರುಗಿತು. ಮುಕ್ಕಾಲು ತಾಸಿಗಿಂತ ಕಡಿಮೆ ಹೊತ್ತು ಆ ನಕ್ಷತ್ರದ ಬೆಳಕು ನೂರಕ್ಕೆ ಒಂದು ಪಾಲನ್ನೂ ಮುಟ್ಟದಷ್ಟು ಇಳಿದು ಮೇಲೆದ್ದಿತು. ಹವಾಯಿಯಲ್ಲೂ ಅಷ್ಟೇ ಆಳ, ಜೋಡಿ ನಕ್ಷತ್ರದ ಅನುಮಾನ ಕರಗಿತು. 2016ರ ಮೇ 2ರಂದು ಮೂರು ಗ್ರಹಗಳ ಸುದ್ದಿ ಹೊರಬಿತ್ತು. ಪ್ರಬಂಧ ಬರೆದವರ ಸಾಲಿನಲ್ಲಿ ಬೆಂಗಳೂರಿನ ಸಂಸ್ಥೆಯ ದೇವೇಂದ್ರ ಸಾಹು ಅವರ ಹೆಸರೂ ಇತ್ತು.

ಮೂರನೆಯದೊಂದು ಮಾತ್ರ ಕಾಡಿತು. ಅದರ ವರ್ಷ ನಾಲ್ಕೂವರೆ ದಿನದ್ದೋ, ಎಪ್ಪತ್ತಮೂರು ದಿನದ್ದೋ ಹೊಂದುತ್ತಲೇ ಇರಲಿಲ್ಲ. 2015ರ ಡಿಸೆಂಬರ್ 11ರಂದು ಚಿಲಿಯ ದೊಡ್ಡ ದೂರದರ್ಶಕ ದಾಖಲಿಸಿದ ಕುಸಿತವಂತೂ ವಿಚಿತ್ರ ಆಕಾರದ್ದು.  ಆ ವಿಚಿತ್ರ ಕುಸಿತ ಒಂದು ಗ್ರಹದ್ದಾಗಿರಲಿಲ್ಲ. ಆ ರಾತ್ರಿ ಮೂರು ಗ್ರಹಗಳು ಒಟ್ಟಿಗೇ ಅಡ್ಡ ಹಾದಿದ್ದವು. 2016ರ ಸೆಪ್ಟೆಂಬರಿನಲ್ಲಿ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಇಪ್ಪತ್ತು ದಿನ ಹೆಚ್ಚುಕಡಿಮೆ ಬಿಡದೆ ನೋಡಿದಾಗ ಉಳಿದ ಗುಟ್ಟೂ ಒಡೆಯಿತು.

ಒಟ್ಟು ಏಳು ಗ್ರಹಗಳು. ಎಲ್ಲವೂ ಭೂಮಿಯ ಆಸುಪಾಸಿನ ಗಾತ್ರದವು, ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿರುವವು. ಅವುಗಳಲ್ಲಿ ಮೂರಕ್ಕೆ ನೀರು ನೀರಾಗಿಯೇ ಉಳಿಯಬಲ್ಲಷ್ಟು ಹದವಾದ ಬಿಸಿ ತಾಗುತ್ತದೆ. ಆದರೆ ಹದವಾದ ದೂರವೊಂದೇ ಜೀವಕ್ಕೆ ಸಾಲದು, ಬಿಸಿ ಹಿಡಿದಿಡುವ ಗಾಳಿಯ ಹೊದಿಕೆಯೂ ಬೇಕು. ನಕ್ಷತ್ರವೋ ಆಗಾಗ ಸಿಡಿಯುವಂಥದ್ದು. ಅತಿ ಹತ್ತಿರದ ಗ್ರಹದಲ್ಲಿ ಗಾಳಿಯ ಕುರುಹಿಲ್ಲ ಎಂದು 2023ರಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕ ತೋರಿಸಿತು. ಆಸೆ ಹುಟ್ಟಿಸುವ, ‘ಇ’ ಎಂಬ ಹೆಸರಿನ ಗ್ರಹವನ್ನು ಮೊದಲ ನಾಲ್ಕು ಸಲ ನೋಡಿದಾಗ ಗಾಳಿ ಇದೆ, ಇಲ್ಲ ಎರಡನ್ನೂ ಹೇಳಲಾಗಲಿಲ್ಲ. ಅದು ಆರು ದಿನ ಎರಡೂವರೆ ತಾಸಿಗೊಮ್ಮೆ ನಕ್ಷತ್ರದ ಮುಂದೆ ಹಾಯುತ್ತಲೇ ಇದೆ.

ಜೇಕಬ್ ನೋಡಿದ 70 ಒಫಿಯೂಕಿಯ ಬಳಿ ಇಂದಿಗೂ ಯಾವ ಗ್ರಹವೂ ಸಿಕ್ಕಿಲ್ಲ.