ಶಾಬಾಸ್‌ಗಿರಿಯ ತಪ್ಪು ಲೆಕ್ಕಗಳು

ದುಡಿಯುವವರನ್ನು ಗುರುತಿಸಿ ನಾಲ್ಕು ಒಳ್ಳೆಯ ಮಾತಾಡುವುದು ಬೆಂಗಳೂರಿನ ಐಟಿ ಕಂಪನಿಗಳು ತಂದ ಹೊಸ ಶೋಕಿ ಎಂದುಕೊಂಡವರು ಬಹಳ ಮಂದಿ. ಅಂಥವರು ಹುಬ್ಬಳ್ಳಿಯಿಂದ ಗದಗಿನ ದಾರಿ ಹಿಡಿದು, ಎಳ್ಳಮಾವಾಸ್ಯೆಯ ದಿನ ಶಿರಗುಪ್ಪಿ ಕಡೆಯ ಎರೆಹೊಲಗಳನ್ನು ನೋಡಬೇಕು. ಚರಗ ಚೆಲ್ಲಿದ ಮೇಲೆ ಬುತ್ತಿ ಬಿಚ್ಚುತ್ತಾರೆ: ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಕಳೆ ತೆಗೆದವರು, ಹತ್ತಿ ಬಿಡಿಸಿದವರು ಹೊಲದ ಮನೆಯವರೊಂದಿಗೆ ಉಣ್ಣುವ ದಿನ ಅದು. ಎಲ್ಲ ಹೊಲದಲ್ಲೂ ಪಂಕ್ತಿ ಒಂದೇ ಇತ್ತು ಎಂದು ಹೇಳಲಾರೆ. ಜಾತಿ ನೋಡಿ ದೂರ ಕೂರಿಸಿದ್ದೂ ಉಂಟು. ಆದರೆ ಬೆಳೆ ಯಾರ ಕೈಯಿಂದ ಬಂತು ಎಂಬುದನ್ನು ವರ್ಷಕ್ಕೊಮ್ಮೆ ಊಟ ಹಾಕಿ ಒಪ್ಪಿಕೊಳ್ಳುವ ರೂಢಿಗೆ ಎಚ್‌ಆರ್ ವಿಭಾಗದ ಸುತ್ತೋಲೆ ಬೇಕಾಗಿರಲಿಲ್ಲ.

ಇನ್ನೊಂದು ನಂಬಿಕೆ, ಶಾಲು, ಹಾರ, ಫಲಕ ಇಲ್ಲದಿದ್ದರೆ ಅದು ಸನ್ಮಾನವೇ ಅಲ್ಲ ಎಂಬುದು. ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರಲ್ಲಿ ಬಸವರಾಜ ಬೊಮ್ಮಾಯಿಯವರ ಸರ್ಕಾರ ಹೇಳಿತು. ಶಾಲು ಮಾತ್ರ ಇನ್ನೂ ಹೋಗಿಲ್ಲ. ನಿವೃತ್ತಿಯ ದಿನ ಹೊದಿಸುವ ಶಾಲಿನ ಬಗ್ಗೆ ನನ್ನ ತಕರಾರು ಒಂದೇ, ಅದು ಮೂವತ್ತು ವರ್ಷ ತಡವಾಗಿ ಬರುತ್ತದೆ.

"ಭಾಳ ಛಲೋ ಮಾಡೀರಿ" ಅಂದರೆ ಸಾಕು ಎನ್ನುವವರೂ ಇದ್ದಾರೆ. ಸಾಲದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜದ ಕೆಲಸವನ್ನೇ ತಗೊಳ್ಳಿ. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಬಟ್ಟೆಯ ಎಳೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಬಿಐಎಸ್ ಮಾನದಂಡ ಇದೆ. ಅಶೋಕಚಕ್ರದ 24 ಅರಗಳು ಬಟ್ಟೆಯ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಧ್ವಜ ಕೆಟ್ಟಿತು. ಇಂಥ ಕೆಲಸ ಮಾಡಿದವರಿಗೆ "ಛಲೋ ಆಗೇತಿ" ಅಂದರೆ ಏನು ತಿಳಿದೀತು? "ಅಕ್ಕಾರ, ಚಕ್ರ ಎರಡೂ ಮಗ್ಗಲಾ ಕೂಡಿ ಕುಂತೈತ್ರಿ, ಒಂದು ಎಳಿನೂ ಸರದಿಲ್ಲ" ಅಂದು ನೋಡಿ. ಹಾಗೆ ಹೇಳಬೇಕಾದರೆ ಹೇಳುವವನಿಗೆ ಆ ಕೆಲಸ ಗೊತ್ತಿರಬೇಕು, ಎದ್ದು ಹೋಗಿ ಬಟ್ಟೆ ತಿರುವಿ ನೋಡಿರಬೇಕು. ನಮ್ಮ ಬಹುಪಾಲು ಸಾಹೇಬರ ತೊಡಕು ಇರುವುದು ಇಲ್ಲೇ.

ರೊಕ್ಕ ಕೊಟ್ಟರೆ ಮುಗೀತು, ಉಳಿದಿದ್ದೆಲ್ಲ ಬರೀ ಮಾತು ಎಂಬ ವಾದವೂ ಗಟ್ಟಿಯಾಗಿಯೇ ಕೇಳಿಸುತ್ತದೆ. ಜರ್ಮನಿಯಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷೆಗಿಟ್ಟು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಗ್ರಂಥಾಲಯವೊಂದರಲ್ಲಿ ಪುಸ್ತಕಗಳ ವಿವರ ದಾಖಲಿಸಲು ವಿದ್ಯಾರ್ಥಿಗಳನ್ನು ಕೂಲಿಗೆ ಕರೆದರು. ಕೆಲವರಿಗೆ, ಹೇಳಿದ್ದಕ್ಕಿಂತ 7 ಯೂರೊ ಹೆಚ್ಚು ಕೊಡುತ್ತೇವೆ ಎಂದರು. ಕೆಲವರಿಗೆ ಅಷ್ಟೇ ಬೆಲೆಯ ಥರ್ಮಾಸ್ ಬಾಟಲಿಯನ್ನು ಕಾಣಿಕೆಯಾಗಿ ಕೊಟ್ಟರು. ರೊಕ್ಕದಿಂದ ಕೆಲಸ ಅಷ್ಟೇನೂ ಹೆಚ್ಚಲಿಲ್ಲ. ಬಾಟಲಿ ಪಡೆದವರು ಸುಮಾರು ಕಾಲುಪಾಲು ಹೆಚ್ಚು ಮಾಡಿದರು. ಮಜಾ ಇರುವುದು ಮುಂದೆ: ಅದೇ 7 ಯೂರೊ ಹಣದಲ್ಲಿ ನೋಟನ್ನು ಅಂಗಿಯ ಆಕಾರಕ್ಕೆ ಮಡಚಿ, ನಾಣ್ಯದ ಮೇಲೆ ನಗುಮುಖ ಬರೆದು ಕೊಟ್ಟಾಗ ಬಾಟಲಿಯಷ್ಟೇ ಪರಿಣಾಮ ಆಯಿತು. ಕೊಟ್ಟವರು ನಮಗಾಗಿ ಒಂದಿಷ್ಟು ಹೊತ್ತು ಖರ್ಚು ಮಾಡಿದ್ದಾರೆ ಎಂಬುದು ಪಡೆದವರಿಗೆ ತಾಗಿತ್ತು. ಹಾಗಂತ ಪಗಾರ ಹೆಚ್ಚಿಸದೆ ಬಾಟಲಿ ಹಂಚಲು ಹೊರಡಬೇಡಿ. ಅದು ಕೆಲವೇ ತಾಸಿನ ಕೂಲಿ; ಮಕ್ಕಳ ಫೀ, ಮನೆ ಬಾಡಿಗೆ ಕಟ್ಟುವ ನೌಕರಿಯಲ್ಲ.

ಎಲ್ಲಕ್ಕಿಂತ ಕೆಟ್ಟ ತಪ್ಪು ಕಲ್ಪನೆ ದೀಪಾವಳಿ ಹೊತ್ತಿಗೆ ಹುಟ್ಟುತ್ತದೆ. ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದಂಥ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರಲ್ಲಿ "ಮಾಲಕರು ಖುಷಿಯಿಂದ ಬೋನಸ್ ಕೊಟ್ರು" ಎನ್ನುವವರು ಎಷ್ಟೋ ಮಂದಿ. ಖುಷಿಗೂ ಅದಕ್ಕೂ ಸಂಬಂಧವಿಲ್ಲ. 20 ಅಥವಾ ಹೆಚ್ಚು ಜನ ದುಡಿಯುವ ಕಡೆ, ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದ, ಪಗಾರ ಕಾನೂನಿನ ಮಿತಿಯೊಳಗಿರುವ ನೌಕರರಿಗೆ ಶೇ 8.33ರಷ್ಟು ಬೋನಸ್ ಹಕ್ಕಿನ ಹಣ. ಲಾಭ ಇದ್ದರೆ ಶೇ 20ರವರೆಗೂ ಏರುತ್ತದೆ. 1965ರ ಬೋನಸ್ ಕಾಯ್ದೆ ಹಾಕಿಕೊಟ್ಟ ಈ ಲೆಕ್ಕವನ್ನು ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಶೇ 8.33 ಅಂದರೆ ಹನ್ನೆರಡರಲ್ಲಿ ಒಂದು ಪಾಲು, ಹೆಚ್ಚುಕಡಿಮೆ ಒಂದು ತಿಂಗಳ ಪಗಾರ. ಹೊಸ ಉದ್ಯಮಗಳಿಗೆ ಆರಂಭದ ವರ್ಷಗಳಲ್ಲಿ ರಿಯಾಯಿತಿ ಇದೆ; ಉಳಿದವರು ಈ ಸಲ ಲಾಭ ಆಗಿಲ್ಲ ಎಂದು ಕೈಯೆತ್ತುವಂತಿಲ್ಲ. ಮಿಠಾಯಿ ಡಬ್ಬಿ ಕೊಡುವುದು ಮಾಲಕರ ಇಷ್ಟ, ಅದಕ್ಕೆ ಧನ್ಯವಾದ ಹೇಳೋಣ. ಬೋನಸ್ಸಿಗೆ ಕೈಮುಗಿಯುವ ಅಗತ್ಯವಿಲ್ಲ.

ಮೆಚ್ಚುಗೆ ಮೇಲಿನಿಂದಲೇ ಇಳಿಯಬೇಕು ಎಂಬುದೂ ಸುಳ್ಳು. ಲೇಥ್ ಮಷಿನ್ ಮೇಲೆ ಹೊಸಬ ತೆಗೆದ ಪೀಸು ಹೇಗಿದೆ ಎಂದು ಆಫೀಸಿನ ಕುರ್ಚಿಯವರಿಗಿಂತ ಪಕ್ಕದ ಮಷಿನ್ನಿನವನಿಗೆ ಚೆನ್ನಾಗಿ ಗೊತ್ತು. ಅವನು "ತಮ್ಮಾ, ಅಳತಿ ಬರೊಬ್ಬರಿ ಕುಂತೈತಿ" ಅಂದು ಚಹಾ ತರಿಸಿದರೆ, ಗೋಡೆಗೆ ಹಾಕುವ ತಿಂಗಳ ಉತ್ತಮ ನೌಕರನ ಫೋಟೊಕ್ಕಿಂತ ಅದರ ತೂಕ ಹೆಚ್ಚು. ಆ ಫೋಟೊ ಪಾಳಿಯ ಪ್ರಕಾರ ಎಲ್ಲರಿಗೂ ಬರುತ್ತದೆ ಎಂಬುದು ಮೂರನೇ ತಿಂಗಳಿಗೇ ಇಡೀ ಶೆಡ್ಡಿಗೆ ಗೊತ್ತಾಗಿರುತ್ತದೆ.